ಕಾರಿನ ಗಾಜು ಎಷ್ಟು ಕಪ್ಪಗಿರಬಹುದು?

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ, ಅಲಂಕಾರದ ಸಾಮಾನು ಮಾರುವ ಅಂಗಡಿಯ ಮುಂದೆ ಹೊಸ ಕಾರು ನಿಲ್ಲಿಸಿ ನೋಡಿ. ಸೀಟ್ ಕವರು, ಮ್ಯಾಟು, ಮಡ್ ಫ್ಲ್ಯಾಪು ಎಲ್ಲದರ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಫಿಲ್ಮ್ ಹಾಕ್ಸ್ತೀರಾ ಸಾರ್? ಎಷ್ಟು ಪರ್ಸೆಂಟ್ ಬೇಕು?’ ಕೆಲವರು ಅದನ್ನು ಕೂಲಿಂಗ್ ಪೇಪರ್ ಎನ್ನುತ್ತಾರೆ, ಕೆಲವರು ಸನ್ ಫಿಲ್ಮ್ ಎನ್ನುತ್ತಾರೆ, ಈಚಿನ ಹುಡುಗರಿಗೆ ಅದು ಟಿಂಟ್. ಕೊಳ್ಳುವವರ ಮನಸ್ಸಿನಲ್ಲಿ ಆಗ ಎರಡು ಚಿಂತೆ ಇರುತ್ತವೆ. ಒಂದು ಬಿಸಿಲಿನದು, ಇನ್ನೊಂದು ಪೊಲೀಸರದು. ಆ ಗಾಜಿನ ಆಚೆ ರಸ್ತೆಯಲ್ಲಿ ನಡೆಯುವವರ, ಸೈಕಲ್ಲು ಬೈಕು ಓಡಿಸುವವರ ಚಿಂತೆ ಈ ಮಾತುಕತೆಯಲ್ಲಿ ಸುಳಿಯುವುದೇ ಇಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅದು.

ಮೊದಲು ಆ ‘ಪರ್ಸೆಂಟ್’ ಲೆಕ್ಕ ಸರಿಮಾಡಿಕೊಳ್ಳೋಣ. ಕಾನೂನು ಹೇಳುವ ಶೇಕಡಾವಾರು ಗಾಜಿನ ಮೂಲಕ ಹಾದುಹೋಗುವ ಬೆಳಕಿನದು. ನೂರು ಪಾಲು ಬೆಳಕು ಗಾಜಿನ ಮೇಲೆ ಬಿದ್ದು ಎಪ್ಪತ್ತು ಪಾಲು ಈಚೆಗೆ ಬಂದರೆ ಆ ಗಾಜು ಶೇ 70ರದು. ಅಂಗಡಿಯಲ್ಲಿ ‘ಎಪ್ಪತ್ತು’ ಎಂದರೆ ಇದಕ್ಕೆ ತೀರಾ ಉಲ್ಟಾ ಅರ್ಥವೂ ಇರಬಹುದು: ಎಪ್ಪತ್ತು ಪಾಲು ತಡೆಯುವ, ಮೂವತ್ತು ಪಾಲು ಮಾತ್ರ ಬಿಡುವ ಕಡುಕಪ್ಪು ಫಿಲ್ಮ್. ಎರಡೂ ಒಂದೇ ಸಂಖ್ಯೆ, ಆದರೆ ಒಂದು ಕಾನೂನಿನ ಒಳಗೆ, ಇನ್ನೊಂದು ಬಹಳ ಹೊರಗೆ. ಗಿರಾಕಿ ತಲೆಯಾಡಿಸುವ ಮೊದಲು ‘ಬೆಳಕು ಬಿಡೋದು ಎಷ್ಟು?’ ಎಂದು ಬಿಡಿಸಿ ಕೇಳಬೇಕು.

ಕಾನೂನು ಇರುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಲ್ಲಿ. ಮುಂದಿನ ಗಾಜು, ಅಂದರೆ ವಿಂಡ್‌ಸ್ಕ್ರೀನ್, ಮತ್ತು ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು ಬೆಳಕು ಬಿಡಬೇಕು. ಪಕ್ಕದ ಕಿಟಕಿಗಳು ಕನಿಷ್ಠ ಶೇ 50ರಷ್ಟು. ಗಾಜು ಭಾರತೀಯ ಮಾನಕ ಬ್ಯೂರೋದ ಐಎಸ್ 2553 ಮಾನದಂಡಕ್ಕೆ ಒಪ್ಪಬೇಕು. ಗಾಜು ತಯಾರಾಗುವಾಗ ಹೀಗಿದ್ದರಷ್ಟೇ ಸಾಲದು, ಮುಂದೆಯೂ ಅದೇ ಸ್ಥಿತಿಯಲ್ಲಿ ಅದನ್ನು ಉಳಿಸಿಕೊಂಡಿರಬೇಕು ಎಂದು ನಿಯಮ ಹೇಳುತ್ತದೆ. ಈ ಕೊನೆಯ ಮಾತು ಮುಂದೆ ಒಂದು ದೊಡ್ಡ ವಾದಕ್ಕೆ ಆಧಾರವಾಯಿತು.

ಇಲ್ಲಿ ಬಹಳ ಜನ ಎಡವುವುದು ಹಿಂದಿನ ಗಾಜಿನ ವಿಷಯದಲ್ಲಿ. ‘ಮುಂದಿನದು ಕ್ಲಿಯರ್ ಇದ್ದರಾಯಿತು, ಹಿಂದೆ ಎಷ್ಟು ಕಪ್ಪಾದರೂ ನಡೆಯುತ್ತದೆ’ ಎಂಬ ನಂಬಿಕೆ ವ್ಯಾಪಕವಾಗಿದೆ. ಬ್ರಿಟನ್ನಿನಲ್ಲಿ ಅದು ನಿಜ. ಅಲ್ಲಿ ಚಾಲಕನ ಅಕ್ಕಪಕ್ಕದ ಗಾಜು ಶೇ 70, 1985ರ ಏಪ್ರಿಲ್‌ನಿಂದ ಈಚೆಗೆ ರಸ್ತೆಗಿಳಿದ ವಾಹನಗಳ ಮುಂದಿನ ಗಾಜು ಶೇ 75 ಇರಬೇಕು, ಹಿಂದಿನ ಗಾಜುಗಳಿಗೆ ಮಿತಿಯೇ ಇಲ್ಲ. ಲಂಡನ್ನಿನಲ್ಲಿರುವ ಸಂಬಂಧಿಕರ ಕಾರಿನ ಫೋಟೊ ನೋಡಿ ಇಲ್ಲಿಯೂ ಹಾಗೇ ಎಂದುಕೊಂಡರೆ ಕಷ್ಟ. ನಮ್ಮಲ್ಲಿ ಹಿಂದಿನ ಗಾಜಿಗೂ ಮುಂದಿನದರಷ್ಟೇ ಕಟ್ಟುನಿಟ್ಟು. ಇದಕ್ಕೆ ಸರಿಯಾದ ಕಾರಣವೂ ಇದೆ. ಕಾರಿನೊಳಗಿನ ಕನ್ನಡಿಯಲ್ಲಿ ಚಾಲಕನಿಗೆ ಕಾಣುವುದೆಲ್ಲ ಆ ಹಿಂದಿನ ಗಾಜಿನ ಮೂಲಕ ಬಂದದ್ದು. ಹೊರಗಿನ ಎರಡು ಕನ್ನಡಿಗಳನ್ನೂ ಅವನು ನೋಡುವುದು ಪಕ್ಕದ ಗಾಜಿನ ಮೂಲಕ. ಗಾಜು ಕಪ್ಪಾದಷ್ಟೂ ಈ ಮೂರು ಕನ್ನಡಿಗಳೂ ಮಂಕಾಗುತ್ತವೆ.

ಇನ್ನೊಂದು ಲೆಕ್ಕವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಕಾರಿನೊಂದಿಗೆ ಬರುವ ಗಾಜು ಪೂರ್ತಿ ತಿಳಿಯಲ್ಲ. ಏನೂ ಬಣ್ಣವಿಲ್ಲದ ಗಾಜಿನಲ್ಲೂ ಎರಡೂ ಮೈಯಿಂದ ಸ್ವಲ್ಪ ಸ್ವಲ್ಪ ಬೆಳಕು ಪ್ರತಿಫಲಿಸಿ ಶೇ 90ರಷ್ಟು ಮಾತ್ರ ಒಳಬರುತ್ತದೆ. ಇಂದಿನ ಹೆಚ್ಚಿನ ಕಾರುಗಳ ಗಾಜಿನಲ್ಲಿ ತೆಳು ಹಸಿರು ಛಾಯೆ ಇರುತ್ತದೆ. ಗಾಜಿನಲ್ಲಿ ಬೆರೆತ ಕಬ್ಬಿಣದ ಅಂಶದಿಂದ ಬರುವ ಬಣ್ಣ ಅದು. ಅಂಥ ಗಾಜು ಶೇ 80 ಬೆಳಕು ಬಿಡುತ್ತದೆ ಎಂದುಕೊಳ್ಳಿ. ಅದರ ಮೇಲೆ ಶೇ 60ರ ಫಿಲ್ಮ್ ಅಂಟಿಸಿದರೆ ಸಿಗುವುದು 80ರಲ್ಲಿ ಶೇ 60, ಅಂದರೆ 48. ಪೊಟ್ಟಣದ ಮೇಲೆ 60 ಎಂದಿದ್ದರೂ ಗಾಜು ಮಿತಿ ದಾಟಿತು. ಗಾಜು ಶೇ 75ರದಾಗಿದ್ದು ಶೇ 70ರ ಫಿಲ್ಮ್ ಹಾಕಿದರೆ ಐವತ್ತೆರಡೂವರೆ. ಪಕ್ಕದ ಕಿಟಕಿಗೆ ಅಂಚಿನಲ್ಲಿ ಪಾಸು, ಹಿಂದಿನ ಗಾಜಿಗೆ ಖಂಡಿತ ನಪಾಸು. ಹಿಂದಿನ ಗಾಜು ಮೊದಲೇ 75ರ ಆಸುಪಾಸಿನಲ್ಲಿದ್ದರೆ, ಕಣ್ಣಿಗೆ ಬಣ್ಣವೇ ಕಾಣದಷ್ಟು ತಿಳಿಯಾದ ಫಿಲ್ಮ್ ಬಿಟ್ಟು ಬೇರೇನನ್ನೂ ಅದರ ಮೇಲೆ ಹಾಕಲು ಬರುವುದಿಲ್ಲ.

ಈ ನಿಯಮ 1989ರಿಂದಲೂ ಇತ್ತು, ಆದರೆ ರಸ್ತೆಯಲ್ಲಿ ಇರಲಿಲ್ಲ. ಎರಡು ದಶಕ ಕಾಲ ಕಪ್ಪು ಗಾಜು ದೇಶದ ಎಲ್ಲ ಊರುಗಳಲ್ಲೂ ಮೆರೆಯಿತು. ಎದುರು ಬಂದು ನಿಂತ ಕಾರಿನಲ್ಲಿ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಎಂಬುದು ತಿಳಿಯದಂತಿರುವುದೇ ದೊಡ್ಡಸ್ತಿಕೆಯ ಗುರುತಾಯಿತು. ರಾಜಕಾರಣಿಗಳ ಬೆಂಬಲಿಗರು, ಭೂಮಿ ವ್ಯವಹಾರದವರು, ಆಮೇಲೆ ಅವರನ್ನು ನೋಡಿ ಸಾಮಾನ್ಯ ಸಂಸಾರಿಗಳು, ಎಲ್ಲರೂ ಗಾಜು ಕಪ್ಪು ಮಾಡಿಸಿದರು. ಪೊಲೀಸರ ಬಳಿ ಬೆಳಕು ಅಳೆಯುವ ಉಪಕರಣ ಇದ್ದದ್ದು ಅಪರೂಪ. ಇದ್ದ ದಂಡವೂ ಯಾರಿಗೂ ನೋವಾಗುವಂಥದ್ದಲ್ಲ. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಆಗ ಮೊದಲ ತಪ್ಪಿಗೆ 100 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 300 ರೂಪಾಯಿವರೆಗೆ. ಫಿಲ್ಮಿಗೆ ಸಾವಿರಾರು ರೂಪಾಯಿ ಕೊಟ್ಟವರು ನೂರು ರೂಪಾಯಿಗೆ ಅದನ್ನು ಕಿತ್ತು ಹಾಕುವುದಿಲ್ಲ.

ಹೀಗಿರುವಾಗ ಅವಿಷೇಕ್ ಗೋಯೆಂಕಾ ಎಂಬ ನಾಗರಿಕರು 2011ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕಪ್ಪು ಗಾಜಿನ ಮರೆಯಲ್ಲಿ ಅಪಹರಣ, ದರೋಡೆ, ಮಹಿಳೆಯರ ಮೇಲಿನ ದೌರ್ಜನ್ಯ ನಡೆಯುತ್ತಿವೆ. ತಪಾಸಣೆಗೆ ನಿಂತ ಪೊಲೀಸರಿಗೂ ಒಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ ಎಂಬುದು ಅವರ ವಾದದ ತಿರುಳು. ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ, ನ್ಯಾಯಮೂರ್ತಿಗಳಾದ ಎ.ಕೆ. ಪಟ್ನಾಯಕ್ ಮತ್ತು ಸ್ವತಂತರ್ ಕುಮಾರ್ ಅವರ ಪೀಠ 2012ರ ಏಪ್ರಿಲ್ 27ರಂದು ತೀರ್ಪು ಕೊಟ್ಟಿತು. ತೀರ್ಪು ಬರೆದವರು ಸ್ವತಂತರ್ ಕುಮಾರ್.

ಆ ತೀರ್ಪು ಅರ್ಜಿದಾರರ ಆತಂಕವನ್ನು ಒಪ್ಪಿತು, ಆದರೆ ಅದರ ಕಾನೂನಿನ ಹಿಡಿತ ಇದ್ದದ್ದು ಬೇರೆ ಕಡೆ. 100ನೇ ನಿಯಮ ಮಾತಾಡುವುದು ಗಾಜಿನ ಬಗ್ಗೆ. ಶೇ 70, ಶೇ 50 ಎಂಬ ಅಳತೆ ಗಾಜಿನದು. ಕಾರ್ಖಾನೆಯಲ್ಲಿ ಗಾಜು ಮಾಡುವಾಗಲೇ ಆ ಮಿತಿಯೊಳಗೆ ಛಾಯೆ ಕೊಟ್ಟರೆ ನಿಯಮ ಒಪ್ಪುತ್ತದೆ. ಆಮೇಲೆ ಅಂಗಡಿಯಲ್ಲಿ ಅದರ ಮೇಲೆ ಏನನ್ನಾದರೂ ಅಂಟಿಸಲು ನಿಯಮದಲ್ಲಿ ಜಾಗವಿಲ್ಲ. ಆದ್ದರಿಂದ ಎಷ್ಟೇ ಶೇಕಡಾ ಬೆಳಕು ಬಿಡುವುದಾಗಿರಲಿ, ಕಪ್ಪು ಫಿಲ್ಮನ್ನಾಗಲಿ ಬೇರಾವ ವಸ್ತುವನ್ನಾಗಲಿ ವಾಹನದ ಗಾಜುಗಳ ಮೇಲೆ ಬಳಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. 2012ರ ಮೇ 4ರಿಂದ ಇದು ದೇಶದಾದ್ಯಂತ ಜಾರಿ. ರಾಜ್ಯಗಳ ಗೃಹ ಕಾರ್ಯದರ್ಶಿಗಳು, ಪೊಲೀಸ್ ಮಹಾನಿರ್ದೇಶಕರು, ಕಮಿಷನರುಗಳು ಹೊಣೆ. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರ ವಾಹನಕ್ಕೆ ಮಾತ್ರ, ಅದೂ ಉನ್ನತ ಅಧಿಕಾರಿಗಳ ಪರಿಶೀಲನೆಯ ನಂತರ, ವಿನಾಯಿತಿ.

ಆ ಮೇ ತಿಂಗಳನ್ನು ಅನೇಕರು ಮರೆತಿರಲಾರರು. ಫಿಲ್ಮ್ ಅಂಟಿಸುತ್ತಿದ್ದ ಅಂಗಡಿಗಳಲ್ಲೇ ಅದನ್ನು ಕೀಳುವ ಕೆಲಸ ಶುರುವಾಯಿತು. ಸೋಪಿನ ನೀರು ಎರಚಿ, ಬ್ಲೇಡಿನಿಂದ ಅಂಚು ಎಬ್ಬಿಸಿ, ಬಿಸಿಗಾಳಿ ಬಿಟ್ಟು ಸುಲಿಯುವ ಕೆಲಸ. ಹಿಂದಿನ ಗಾಜಿನ ಮಂಜು ಕರಗಿಸುವ ಸಣ್ಣ ತಂತಿಗೆರೆಗಳು ಫಿಲ್ಮಿನ ಅಂಟಿನ ಜೊತೆ ಎದ್ದು ಬರುವ ಅಪಾಯವಿತ್ತು. ರಸ್ತೆಯಲ್ಲಿ ಪೊಲೀಸರೇ ನಿಂತು ಕಿತ್ತದ್ದೂ ಉಂಟು. ದಂಡ ಹಾಕಿ ಕಳಿಸಿದರೆ ಸಾಲದು, ಫಿಲ್ಮನ್ನೂ ತೆಗೆಸಬೇಕು ಎಂದು ನ್ಯಾಯಾಲಯವೇ ಸೂಚಿಸಿತ್ತು. ಫಿಲ್ಮ್ ತಯಾರಕರು, ಮಾರಾಟಗಾರರು ತೀರ್ಪು ಸಡಿಲಿಸಿ ಎಂದು ಮತ್ತೆ ನ್ಯಾಯಾಲಯಕ್ಕೆ ಹೋದರು. 2012ರ ಆಗಸ್ಟ್ 3ರಂದು ಆ ಅರ್ಜಿಗಳೂ ವಜಾ ಆದವು.

ಅದೇ ವರ್ಷದ ಡಿಸೆಂಬರ್ 16ರ ರಾತ್ರಿ ದೆಹಲಿಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆದದ್ದು ನಗರದ ರಸ್ತೆಗಳಲ್ಲಿ ಓಡುತ್ತಿದ್ದ ಬಸ್ಸಿನೊಳಗೆ. ಆ ಬಸ್ಸಿಗೆ ಕಪ್ಪು ಗಾಜು, ಪರದೆ ಎರಡೂ ಇದ್ದವು. ತೀರ್ಪು ಬಂದು ಏಳು ತಿಂಗಳು ಕಳೆದಿತ್ತು, ಅದೂ ದೇಶದ ರಾಜಧಾನಿಯಲ್ಲಿ. ಗಾಜು ತಿಳಿಯಾಗಿದ್ದರೆ ಆ ಕ್ರೌರ್ಯ ನಡೆಯುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಹೊರಗಿನ ರಸ್ತೆಯಲ್ಲಿದ್ದ ಜನರಲ್ಲಿ ಒಬ್ಬರಿಗಾದರೂ ಏನಾದರೂ ಕಾಣುವ ಸಾಧ್ಯತೆಯನ್ನು ಆ ಗಾಜು ಮುಚ್ಚಿಹಾಕಿತ್ತು. ಆಮೇಲೆ ಕೇಂದ್ರ ಗೃಹ ಸಚಿವಾಲಯ ಬಸ್ಸುಗಳ ಕಪ್ಪು ಗಾಜು, ಪರದೆಗಳನ್ನು ತೆಗೆಸುವ ಮಾತಾಡಿತು. ಇದ್ದ ಆದೇಶವನ್ನೇ ಇನ್ನೊಮ್ಮೆ ಹೇಳಬೇಕಾಗಿ ಬಂತು.

ಇಷ್ಟೆಲ್ಲ ಆದರೂ ಬಿಸಿಲಿನ ದೂರನ್ನು ನಾನು ಹಗುರಾಗಿ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಬಯಲಿನಲ್ಲಿ ಮಧ್ಯಾಹ್ನ ಕಾರು ನಿಲ್ಲಿಸಿ ಒಂದು ಗಂಟೆ ಬಿಟ್ಟು ಬಂದು ಬಾಗಿಲು ತೆಗೆದವರಿಗೆ ಆ ಉರಿ ಗೊತ್ತು. ಸ್ಟಿಯರಿಂಗ್ ಮುಟ್ಟಲಾಗುವುದಿಲ್ಲ, ಮಗುವನ್ನು ಸೀಟಿನ ಮೇಲೆ ಕೂರಿಸಲಾಗುವುದಿಲ್ಲ. ಅವರಿಗೆ ‘ಕಾನೂನು ಹಾಗಿದೆ, ಸಹಿಸಿಕೊಳ್ಳಿ’ ಎಂದಷ್ಟೇ ಹೇಳಿದರೆ ನ್ಯಾಯವಾಗದು. ಅವರಿಗೆ ಹೇಳಬೇಕಾದ್ದು ಬೇರೆ ಇದೆ: ಕಪ್ಪಿಗೂ ತಂಪಿಗೂ ನಾವು ಅಂದುಕೊಂಡಷ್ಟು ಸಂಬಂಧವಿಲ್ಲ.

ನೆಲಕ್ಕೆ ತಲುಪುವ ಸೂರ್ಯನ ಶಕ್ತಿಯಲ್ಲಿ ಅರ್ಧದಷ್ಟು ಅವಕೆಂಪು ಕಿರಣಗಳು. ಅವು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಗಲುತ್ತವೆ. ಕಣ್ಣಿಗೆ ಕಾಣುವ ಬೆಳಕು ಅರ್ಧಕ್ಕಿಂತ ತುಸು ಕಡಿಮೆ. ಉಳಿದ ಶೇ 5ರಷ್ಟು ನೇರಳಾತೀತ. ಅಗ್ಗದ ಕಪ್ಪು ಫಿಲ್ಮಿನಲ್ಲಿರುವುದು ಬಣ್ಣ ಅಷ್ಟೆ. ಅದು ಮುಖ್ಯವಾಗಿ ತಡೆಯುವುದು ಕಣ್ಣಿಗೆ ಬೇಕಾದ ಬೆಳಕನ್ನು. ಅವಕೆಂಪಿನ ದೊಡ್ಡ ಪಾಲನ್ನು ಒಳಗೆ ಬಿಟ್ಟೇ ಬಿಡುತ್ತದೆ. ಹೀರಿಕೊಂಡ ಶಾಖದಿಂದ ಗಾಜು ಬಿಸಿಯಾಗಿ, ಆ ಬಿಸಿಯಲ್ಲಿ ಒಂದಷ್ಟು ಮತ್ತೆ ಕಾರಿನೊಳಗೇ ಬರುತ್ತದೆ. ವರ್ಷ ಕಳೆದಂತೆ ಬಣ್ಣ ಮಾಸಿ ನೇರಳೆಯಾಗುತ್ತದೆ, ಗುಳ್ಳೆ ಏಳುತ್ತದೆ. ಸೆರಾಮಿಕ್ ಫಿಲ್ಮ್ ಎಂದು ಮಾರುವ ಒಳ್ಳೆಯ ದರ್ಜೆಯವು ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತವೆ: ಕಾಣುವ ಬೆಳಕನ್ನು ಬಹುಮಟ್ಟಿಗೆ ಬಿಟ್ಟು, ಅವಕೆಂಪನ್ನೂ ನೇರಳಾತೀತವನ್ನೂ ತಡೆಯುತ್ತವೆ. ನೋಡಲು ಹೆಚ್ಚುಕಡಿಮೆ ತಿಳಿಗಾಜು. ಲೋಹದ ಲೇಪನದ ಫಿಲ್ಮೂ ಶಾಖ ತಡೆಯುತ್ತದೆ, ಆದರೆ ಅದನ್ನು ಮುಂದಿನ ಗಾಜಿಗೆ ಹಾಕಿಸಿದರೆ ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್ ಓದದೆ ಗಾಡಿ ನಿಂತೀತು. ಲೋಹ ರೇಡಿಯೊ ಅಲೆಯನ್ನು ಅಡ್ಡಗಟ್ಟುತ್ತದೆ.

ಚರ್ಮದ ಮಾತೂ ನಿಜವೇ. ಮುಂದಿನ ಗಾಜು ಲ್ಯಾಮಿನೇಟೆಡ್, ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಒತ್ತಿದ್ದು. ಆ ಪದರ ನೇರಳಾತೀತವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಟೆಂಪರ್ಡ್, 600 ಡಿಗ್ರಿಗಿಂತ ಮೇಲೆ ಕಾಯಿಸಿ ಥಟ್ಟನೆ ತಣಿಸಿದ ಒಂಟಿ ಗಾಜು. ಅದರಲ್ಲಿ ‘ಯುವಿ-ಎ’ ಕಿರಣ ಸಾಕಷ್ಟು ನುಸುಳುತ್ತದೆ. ಸುಪ್ರೀಂ ಕೋರ್ಟಿನ ತೀರ್ಪು ಬಂದ ಅದೇ 2012ರ ಏಪ್ರಿಲ್‌ನಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಂದು ಫೋಟೊ ಪ್ರಕಟಿಸಿತ್ತು. 28 ವರ್ಷ ಟ್ರಕ್ ಓಡಿಸಿದ 69 ವರ್ಷದವರ ಮುಖ. ಕಿಟಕಿಯ ಕಡೆಗಿದ್ದ ಎಡಗೆನ್ನೆ ಆಳವಾದ ಸುಕ್ಕುಗಟ್ಟಿ, ದಪ್ಪಗಾಗಿ, ಬಲಗೆನ್ನೆಗಿಂತ ಹತ್ತಾರು ವರ್ಷ ಮುಪ್ಪಾದಂತೆ ಕಾಣುತ್ತಿತ್ತು. ನಮ್ಮ ಲಾರಿ, ಟ್ಯಾಕ್ಸಿ ಚಾಲಕರಿಗೆ ಬಲಗೆನ್ನೆ, ಬಲತೋಳು ಆ ಬಿಸಿಲಿಗೆ ಒಡ್ಡಿರುತ್ತವೆ. ದಿನವಿಡೀ ರಸ್ತೆಯಲ್ಲಿರುವ ಅವರ ಚರ್ಮಕ್ಕೆ ರಕ್ಷಣೆ ಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ರಕ್ಷಣೆಗೆ ಕಪ್ಪು ಬೇಕಿಲ್ಲ. ನೇರಳಾತೀತ ತಡೆಯುವ ಪದರ ನೀರಿನಷ್ಟು ತಿಳಿಯಾಗಿರಬಲ್ಲದು.

ಹಾಗಾದರೆ ಕಪ್ಪು ಗಾಜು ಮಾಡುವುದಾದರೂ ಏನು? ಒಳಗಿನವರನ್ನು ಮರೆಮಾಡುತ್ತದೆ. ಅದರ ಬೆಲೆಯನ್ನು ತೆರುವವರು ಹೊರಗಿನವರು.

ನಮ್ಮ ರಸ್ತೆಗಳಲ್ಲಿ ಜನ ದಾಟುವುದು ಕಣ್ಣಿಂದ. ಜೀಬ್ರಾ ಪಟ್ಟೆ ಇರಲಿ ಬಿಡಲಿ, ಸಿಗ್ನಲ್ ಇರಲಿ ಬಿಡಲಿ, ದಾಟುವವರು ಬರುವ ಗಾಡಿಯ ಚಾಲಕನ ಮುಖ ನೋಡುತ್ತಾರೆ. ಅವನು ನನ್ನನ್ನು ನೋಡಿದನೇ? ನಿಧಾನ ಮಾಡುತ್ತಾನೆಯೇ? ಮೊಬೈಲು ನೋಡುತ್ತಿದ್ದಾನೆಯೇ? ಕೈ ಎತ್ತಿ ತೋರಿಸುತ್ತಾರೆ, ಚಾಲಕ ತಲೆ ಅಲ್ಲಾಡಿಸುತ್ತಾನೆ, ದಾಟುತ್ತಾರೆ. ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನೆದುರು ನಿಂತು ನೋಡಿ. ಮಕ್ಕಳ ಕೈ ಹಿಡಿದ ಅಜ್ಜಂದಿರು ಹೀಗೇ ಒಂದೊಂದು ಗಾಡಿಯನ್ನು ಕಣ್ಣಲ್ಲಿ ನಿಲ್ಲಿಸಿ ದಾಟಿಸುತ್ತಾರೆ. ಗಾಜಿನ ಹಿಂದೆ ಮುಖವೇ ಕಾಣದಿದ್ದರೆ ಈ ಮಾತುಕತೆಗೆ ಒಂದು ಕಡೆಯೇ ಇಲ್ಲದಂತಾಗುತ್ತದೆ. ಪಾದಚಾರಿ ಊಹೆಯ ಮೇಲೆ ಹೆಜ್ಜೆ ಇಡಬೇಕು.

ಬೈಕಿನವರಿಗೆ ಇನ್ನೂ ಕಷ್ಟ. ರಸ್ತೆ ಬದಿ ನಿಂತ ಕಾರಿನ ಪಕ್ಕ ಹೋಗುವಾಗ ಅನುಭವಸ್ಥ ಸವಾರರು ಅದರ ಹಿಂದಿನ ಗಾಜಿನಲ್ಲಿ ಇಣುಕಿ, ಸೀಟಿನಲ್ಲಿ ತಲೆ ಕಂಡರೆ ಜಾಗ ಬಿಟ್ಟು ಹೋಗುತ್ತಾರೆ, ಬಾಗಿಲು ತೆರೆದೀತು ಎಂಬ ಎಚ್ಚರ. ಗಾಜು ಕಪ್ಪಾಗಿದ್ದರೆ ಆ ಎಚ್ಚರಕ್ಕೆ ದಾರಿಯಿಲ್ಲ. ಹೆದ್ದಾರಿಯಲ್ಲಿ ಮುಂದಿನ ಕಾರಿನ ಗಾಜುಗಳ ಮೂಲಕ ಅದರಾಚೆಯ ಗಾಡಿಯ ಬ್ರೇಕ್ ದೀಪ ಕಂಡರೆ ನಮ್ಮ ಕಾಲು ಒಂದು ಕ್ಷಣ ಮೊದಲೇ ಬ್ರೇಕಿಗೆ ಹೋಗುತ್ತದೆ. ಮುಚ್ಚಿದ ಕಾರಿನೊಳಗೆ ಮಕ್ಕಳು ಸಿಕ್ಕಿಕೊಂಡು ಉಸಿರುಗಟ್ಟಿದ ದುರಂತಗಳು ನಮ್ಮ ದೇಶದಲ್ಲಿ ನಡೆದಿವೆ. ದಾರಿಹೋಕರ ಕಣ್ಣಿಗೆ ಒಳಗಿನ ಮಗು ಬೀಳಬೇಕಾದರೆ ಗಾಜು ತಿಳಿಯಾಗಿರಬೇಕು.

ಒಳಗಿದ್ದವರಿಗೂ ಕಪ್ಪಿನಿಂದ ಆಗುವ ನಷ್ಟ ರಾತ್ರಿ ಹೊತ್ತು ತಿಳಿಯುತ್ತದೆ. ಮಂಡ್ಯ, ಬೆಳಗಾವಿ ಕಡೆ ಕಬ್ಬು ಕಡಿಯುವ ಕಾಲದಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಕತ್ತಲಲ್ಲಿ ರಸ್ತೆಗೆ ಬರುತ್ತವೆ. ಅಡ್ಡದಾರಿಯಿಂದ ನುಗ್ಗುವ ಅಂಥ ಟ್ರೇಲರನ್ನು ಚಾಲಕ ಮೊದಲು ಕಾಣಬೇಕಾದ್ದು ಪಕ್ಕದ ಗಾಜಿನಲ್ಲಿ. ಆಗುಂಬೆ, ಶಿರಾಡಿಯ ಮಳೆಗಾಲದ ಸಂಜೆ, ಮಂಜು ಇಳಿದಾಗ ತಿರುವಿನಲ್ಲಿ ಹೊರಗಿನ ಕನ್ನಡಿ ಕಾಣದೆ ಕಿಟಕಿ ಇಳಿಸಿ, ಮೈ ನೆನೆಸಿಕೊಂಡು ಗಾಡಿ ಓಡಿಸುವವರಿದ್ದಾರೆ. ವಯಸ್ಸಾದಂತೆ ಇದು ಹೆಚ್ಚಾಗುತ್ತದೆ. ಪಾಪೆ ಕಿರಿದಾಗಿ, ಕಣ್ಣಿನ ಮಸೂರ ಹಳದಿಗಟ್ಟಿ, ಅರವತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಮೂರನೇ ಒಂದು ಪಾಲಿನಷ್ಟು ಮಾತ್ರ. ಅದರ ಮೇಲೆ ಗಾಜೂ ಅರ್ಧ ಕಸಿದರೆ ಉಳಿಯುವುದು ಬಹಳ ಕಡಿಮೆ.

ಹಾಗಾಗಿ 2012ರ ತೀರ್ಪಿನ ಉದ್ದೇಶವನ್ನು ನಾನು ಮನಸಾರೆ ಒಪ್ಪುತ್ತೇನೆ. ಅದು ಹಿಡಿದ ದಾರಿಯ ಬಗ್ಗೆ ಮಾತ್ರ ಒಂದು ತಕರಾರು. ಎಲ್ಲ ಫಿಲ್ಮನ್ನೂ ಒಂದೇ ಏಟಿಗೆ ನಿಷೇಧಿಸಿದ್ದರಿಂದ ಪೊಲೀಸರಿಗೆ ಕೆಲಸ ಹಗುರವಾಯಿತು: ಅಳೆಯಬೇಕಿಲ್ಲ, ಉಗುರಿನಿಂದ ಅಂಚು ಕೆರೆದು ಫಿಲ್ಮ್ ಇದೆಯೇ ಎಂದು ನೋಡಿದರಾಯಿತು. ಅಂದಿನ ಸ್ಥಿತಿಯಲ್ಲಿ ಅದೇ ಸರಿಯಾದ ಮದ್ದಾಗಿತ್ತೋ ಏನೋ. ಆದರೆ ಶಾಖ ತಡೆಯುವ ತಿಳಿ ಫಿಲ್ಮೂ ಕಡುಕಪ್ಪೂ ಒಂದೇ ತಪ್ಪಿನ ಅಡಿ ಬಂದವು. ಅಳತೆಯ ಅಭ್ಯಾಸ ನಮ್ಮ ವ್ಯವಸ್ಥೆಯಲ್ಲಿ ಬೆಳೆಯಲೇ ಇಲ್ಲ.

ಆಮೇಲೆ ನಿಯಮವೇ ಬದಲಾಯಿತು. 2020ರಲ್ಲಿ 100ನೇ ನಿಯಮಕ್ಕೆ ತಂದ ತಿದ್ದುಪಡಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂತು. ‘ಸುರಕ್ಷಾ ಗಾಜು’ ಎಂದಿದ್ದ ಕಡೆ ಅದರ ಜೊತೆಗೆ ‘ಸೇಫ್ಟಿ ಗ್ಲೇಜಿಂಗ್’ ಕೂಡ ಸೇರಿತು. ಮಾನಕ ಬ್ಯೂರೋದ 2019ರ ಪರಿಷ್ಕೃತ ಮಾನದಂಡದ ಪ್ರಕಾರ ಗಾಜಿನ ಒಳಮೈಗೆ ಪ್ಲಾಸ್ಟಿಕ್ ಪದರ ಹೊಂದಿಸಿದ್ದೂ ಈ ಗ್ಲೇಜಿಂಗಿನ ವ್ಯಾಪ್ತಿಗೆ ಬರುತ್ತದೆ. ಶೇ 70, ಶೇ 50 ಎಂಬ ಮಿತಿಗಳು ಮಾತ್ರ ಹಾಗೇ ಉಳಿದವು. ಫಿಲ್ಮ್ ವ್ಯಾಪಾರಿಗಳು ಇದನ್ನೇ ಹಿಡಿದರು: ಗಾಜಿಗೆ ಹೊಂದಿಸಿದ ಪ್ಲಾಸ್ಟಿಕ್ ಪದರ ಎಂದರೆ ಫಿಲ್ಮೇ ತಾನೆ?

ಈ ಪ್ರಶ್ನೆ ಕೇರಳ ಹೈಕೋರ್ಟಿಗೆ ಹೋಯಿತು. ಫಿಲ್ಮ್ ಹಾಕಿಸಿ ದಂಡ ತೆತ್ತ ಕಾರಿನವರು, ಅಂಗಡಿಯ ನೋಂದಣಿ ರದ್ದತಿಯ ನೋಟಿಸ್ ಪಡೆದ ವ್ಯಾಪಾರಿಗಳು, ತಯಾರಿಕಾ ಕಂಪನಿ, ಹೀಗೆ ಬೇರೆಬೇರೆ ಕಡೆಯವರು ಅರ್ಜಿ ಹಾಕಿದ್ದರು. ಗ್ಲೇಜಿಂಗ್ ಮಾಡುವ ಅವಕಾಶ ಕಾರು ತಯಾರಕರಿಗೆ ಮಾತ್ರ, ಮಾಲೀಕರಿಗಿಲ್ಲ ಎಂಬ ವಾದ ಎದುರು ಕಡೆಯಿಂದ ಬಂತು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಎನ್. ನಗರೇಶ್ ಅದನ್ನು ಒಪ್ಪಲಿಲ್ಲ. ಗಾಜನ್ನು ನಿಗದಿತ ಸ್ಥಿತಿಯಲ್ಲಿ ‘ಉಳಿಸಿಕೊಂಡಿರಬೇಕು’ ಎಂದು ನಿಯಮವೇ ಹೇಳುವಾಗ ಆ ಹೊಣೆ ಮಾಲೀಕರದೂ ಹೌದು. ಮಾನದಂಡಕ್ಕೆ ಒಪ್ಪುವ, ಬೆಳಕಿನ ಮಿತಿಯೊಳಗಿರುವ ಫಿಲ್ಮ್ ಹಾಕಿದ್ದಕ್ಕೆ ದಂಡ ಹಾಕುವಂತಿಲ್ಲ ಎಂದರು. 2012ರ ತೀರ್ಪು ಹಳೆಯ ನಿಯಮದ ಮೇಲೆ ನಿಂತಿದ್ದು ಎಂಬುದು ಇಲ್ಲಿನ ಮುಖ್ಯ ತರ್ಕ.

ಈ ಸುದ್ದಿ ಬಂದ ಮೇಲೆ ‘ಈಗ ಫಿಲ್ಮ್ ಎಲ್ಲಾ ಲೀಗಲ್’ ಎಂಬ ಮಾತು ಹಬ್ಬಿತು. ಆ ಮಾತನ್ನು ಪೂರ್ತಿ ನಂಬಿದವರು ನಷ್ಟಪಟ್ಟುಕೊಳ್ಳುತ್ತಾರೆ. ಕೇರಳ ಹೈಕೋರ್ಟಿನ ತೀರ್ಪು ಕರ್ನಾಟಕದ ಪೊಲೀಸರನ್ನು ಕಟ್ಟಿಹಾಕುವುದಿಲ್ಲ. ನಮ್ಮ ನ್ಯಾಯಾಲಯಗಳು ಅದನ್ನು ಗೌರವದಿಂದ ಪರಿಗಣಿಸಬಹುದು, ಅಷ್ಟೆ. ಕೇರಳದಲ್ಲಿಯೂ ಅದು ಬಿಡುಗಡೆ ಕೊಟ್ಟದ್ದು ಮಿತಿಯೊಳಗಿನ ಫಿಲ್ಮಿಗೆ ಮಾತ್ರ. ಕಾಸರಗೋಡಿನಲ್ಲಿ ಫಿಲ್ಮ್ ಹಾಕಿಯೂ ಶೇ 50ರ ಮೇಲಿರುವ ಪಕ್ಕದ ಗಾಜಿನೊಂದಿಗೆ ಓಡಾಡುವ ಕಾರು ತಲಪಾಡಿ ದಾಟಿ ಮಂಗಳೂರಿಗೆ ಬಂದರೆ ಇಲ್ಲಿನ ಅಧಿಕಾರಿ 2012ರ ಆದೇಶ ತೋರಿಸಿ ದಂಡ ಹಾಕಬಹುದು. ಮಾಲೀಕರು ಹೈಕೋರ್ಟಿನ ತೀರ್ಪು ತೋರಿಸಿ ವಾದಿಸಬಹುದು. ಒಂದೇ ಕೇಂದ್ರ ನಿಯಮ, ಒಂದೇ ಹೆದ್ದಾರಿ, ಗಡಿಯ ಎರಡು ಕಡೆ ಎರಡು ಅರ್ಥ. ಇದು ನಾಗರಿಕರಿಗೂ ಅನ್ಯಾಯ, ಬಿಸಿಲಲ್ಲಿ ನಿಂತು ಕೆಲಸ ಮಾಡುವ ಪೊಲೀಸರಿಗೂ ಅನ್ಯಾಯ.

ದಂಡವೂ ಮೊದಲಿನಷ್ಟು ಹಗುರಲ್ಲ. 2019ರ ತಿದ್ದುಪಡಿಯ ನಂತರ 177ನೇ ಕಲಮಿನಲ್ಲಿ ಮೊದಲ ತಪ್ಪಿಗೆ 500 ರೂಪಾಯಿವರೆಗೆ, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ ಇದೆ. ಸ್ಥಳದಲ್ಲೇ ಕಟ್ಟಿ ಮುಗಿಸುವ ಮೊತ್ತವನ್ನು ರಾಜ್ಯಗಳು ತಾವೇ ಗೊತ್ತುಮಾಡುತ್ತವೆ. ಇಂಥ ದಂಡ ಯಾರ ಮೇಲೆ ಬೀಳುತ್ತದೆ ಎಂಬುದೂ ಮುಖ್ಯ. ಕೆಂಪು ದೀಪದ ಗೂಟವನ್ನು 2017ರ ಮೇ 1ರಿಂದ ಮಂತ್ರಿಗಳ ಕಾರಿನಿಂದಲೂ ಇಳಿಸಲಾಯಿತು. ಕಪ್ಪು ಗಾಜಿನ ವಿಷಯದಲ್ಲಿ ಆ ಸಮಾನತೆ ಇನ್ನೂ ಬಂದಿಲ್ಲ. ಝಡ್ ಭದ್ರತೆ ಇರುವವರು ಬೆರಳೆಣಿಕೆಯಷ್ಟು. ಬೋನೆಟ್ಟಿನ ಮೇಲೆ ಪಕ್ಷದ ಬಾವುಟ ಸಿಕ್ಕಿಸಿಕೊಂಡು ಕಡುಕಪ್ಪು ಗಾಜು ಏರಿಸಿ ಓಡಾಡುವ ಗಾಡಿಗಳು ಅದಕ್ಕಿಂತ ಬಹಳ ಹೆಚ್ಚು. ಸಿಗ್ನಲ್ಲಿನಲ್ಲಿ ಅವುಗಳನ್ನು ಬಿಟ್ಟು ಹಿಂದಿದ್ದ ಟ್ಯಾಕ್ಸಿಯನ್ನು ಬದಿಗೆ ಹಾಕಿಸಿದರೆ ಕಾನೂನಿನ ಮೇಲಿನ ಗೌರವ ಯಾರಲ್ಲೂ ಉಳಿಯುವುದಿಲ್ಲ.

ಇದಕ್ಕೆಲ್ಲ ಉತ್ತರ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣದಲ್ಲಿದೆ. ಟಿಂಟ್ ಮೀಟರ್ ಎಂದು ಕರೆಯುತ್ತಾರೆ. ಎರಡು ತುಂಡು: ಒಂದು ಬೆಳಕು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ. ನಡುವೆ ಗಾಜು. ಕಿಟಕಿ ಅರ್ಧ ಇಳಿಸಿ ಎರಡು ಕಡೆಯಿಂದ ಒತ್ತಿ ಹಿಡಿದರೆ ಕೆಲವು ಕ್ಷಣಗಳಲ್ಲಿ ಸಂಖ್ಯೆ ಬರುತ್ತದೆ. ಕುಡಿದು ಓಡಿಸುವವರನ್ನು ಹಿಡಿಯಲು ಉಸಿರು ಪರೀಕ್ಷೆಯ ಯಂತ್ರ ಕೊಟ್ಟಿದ್ದೇವೆ. ಬಾಯಿ ವಾಸನೆ ನೋಡಿ ದಂಡ ಹಾಕುವುದು ಈಗ ಯಾರಿಗೂ ಒಪ್ಪಿಗೆಯಾಗದು. ವೇಗ ಅಳೆಯಲು ರಾಡಾರ್ ಇದೆ. ಬೆಳಕಿನ ಮಿತಿಯನ್ನು ಶೇಕಡಾವಾರಿನಲ್ಲಿ ಬರೆದಿಟ್ಟ ಮೇಲೆ ಅದನ್ನೂ ಅಳೆದೇ ನಿರ್ಧರಿಸಬೇಕು. ಕಣ್ಣಳತೆಯಲ್ಲಿ ಶೇ 48ಕ್ಕೂ 52ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಮಧ್ಯಾಹ್ನದ ಬಿಸಿಲಲ್ಲಿ ನೋಡಿದ ಗಾಜೇ ಮೋಡದ ದಿನ ಇನ್ನಷ್ಟು ಕಪ್ಪಗೆ ಕಾಣುತ್ತದೆ. ರಾಜ್ಯ ಸಾರಿಗೆ ಇಲಾಖೆ ಮತ್ತು ಪೊಲೀಸ್ ಇಲಾಖೆ ಕೂಡಿ ತಿದ್ದುಪಡಿಯಾದ ನಿಯಮವನ್ನು ಕರ್ನಾಟಕದಲ್ಲಿ ಹೇಗೆ ಜಾರಿ ಮಾಡುತ್ತೇವೆ ಎಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಠಾಣೆಗೊಂದು ಮೀಟರ್ ಕೊಡಬೇಕು, ರಸೀದಿಯ ಮೇಲೆ ಅಳೆದ ಸಂಖ್ಯೆ ನಮೂದಾಗಬೇಕು. ಆ ಮೀಟರ್ ಮಂತ್ರಿಯ ಬೆಂಬಲಿಗರ ಗಾಜಿಗೂ ತಾಗಬೇಕು.

ಅಲ್ಲಿಯವರೆಗೆ ಕಾರಿನವರು ಮಾಡಬಹುದಾದ್ದೂ ಇದೆ. ಗಾಜಿನ ಕೆಳಮೂಲೆಯಲ್ಲಿ ಕೊರೆದ ಗುರುತು ನೋಡಿ. ಐಎಸ್‌ಐ ಮುದ್ರೆ, ಮಾನದಂಡದ ಸಂಖ್ಯೆ, ಲ್ಯಾಮಿನೇಟೆಡ್ ಅಥವಾ ಟೆಂಪರ್ಡ್ ಎಂಬುದು ಅಲ್ಲಿರುತ್ತದೆ. ಕಂಪನಿಯಿಂದ ಬಂದ ಛಾಯೆಗೆ ಯಾರೂ ದಂಡ ಹಾಕಲಾರರು. ನಿಲ್ಲಿಸಿದ ಕಾರಿನ ಬಿಸಿಗೆ ಮುಂದಿನ ಗಾಜಿನ ಒಳಗೆ ಮಡಚಿ ಇಡುವ ಹೊಳಪು ಹಾಳೆ ಸಾಕಷ್ಟು ಕೆಲಸ ಮಾಡುತ್ತದೆ, ಹೊರಡುವಾಗ ತೆಗೆದಿಟ್ಟರಾಯಿತು. ಓಡುವ ಕಾರಿನ ಕಿಟಕಿಗೆ ಕಪ್ಪು ಜಾಲರಿ, ಪರದೆ ಹಾಕುವುದು ಬೇಡ, ‘ಬೇರಾವ ವಸ್ತು’ ಎಂಬ ತೀರ್ಪಿನ ಮಾತಿಗೆ ಅದೂ ಸಿಕ್ಕಿಬೀಳುತ್ತದೆ. ಮಗುವಿನ ಮುಖಕ್ಕೆ ಬಿಸಿಲು ಹೊಡೆಯುತ್ತಿದ್ದರೆ ಮಗುವಿನ ಸೀಟನ್ನು ಇನ್ನೊಂದು ಬದಿಗೆ ಹಾಕಿ.

ಇಷ್ಟಾದ ಮೇಲೂ ಫಿಲ್ಮ್ ಬೇಕೇ ಬೇಕು ಎನ್ನುವವರು, ಕರ್ನಾಟಕದಲ್ಲಿ ಅದಕ್ಕೆ ಇಂದೂ ದಂಡ ಬೀಳಬಹುದು ಎಂಬುದನ್ನು ತಿಳಿದೇ ಅಂಗಡಿಗೆ ಹೋಗಲಿ. ಹಿಂದಿನ ಗಾಜನ್ನೂ ಮುಂದಿನ ಗಾಜನ್ನೂ ಬಿಟ್ಟುಬಿಡಲಿ. ಪಕ್ಕದ ಗಾಜಿಗೆ ಹಾಕುವ ಮೊದಲು ಬರಿಗಾಜನ್ನು ಅಳೆಸಲಿ, ಹಾಕಿದ ಮೇಲೆ ಎರಡೂ ಸೇರಿದ ಸಂಖ್ಯೆಯನ್ನು ಮತ್ತೆ ಅಳೆಸಲಿ. ಐವತ್ತಕ್ಕೆ ಅಂಟಿಕೊಂಡು ನಿಲ್ಲದೆ ಅರವತ್ತರ ಮೇಲೆಯೇ ಇರಲಿ. ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದು ಸೀಲು ಹಾಕಿ ಕೊಡಲು ಅಂಗಡಿಯವರು ಒಪ್ಪದಿದ್ದರೆ ಕಾರನ್ನು ಹಾಗೇ ತಿರುಗಿಸಿಕೊಂಡು ಬರಲಿ.